ಭಯ ಇಳಿಯುವವರೆಗೂ

ಅಣ್ಣನ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ ತಮ್ಮನ ಕಿವಿಯ ಬಳಿ ಅತ್ತಿಗೆ ಪಿಸುಗುಟ್ಟಿದಳು: "ಆ ಯಂತ್ರದೊಳಗೆ ನಿನ್ನ ಮಲಗಿಸೋದು ನಾಳೆನೇ ಅಲ್ವೇನೋ?"

ಅವನು ತಲೆಯಾಡಿಸಿದ. ಅವನು ಕೆಲಸಕ್ಕಿದ್ದ ಗೋದಾಮಿಗೆ ಬೆಂಕಿ ಬಿದ್ದು ಕಾವಲುಗಾರ ಸತ್ತಿದ್ದ. ಕೊನೆಗೆ ಬೀಗ ಹಾಕಿದವನು ಇವನು. ಹೀಟರ್ ಆರಿಸಿಯೇ ಹೊರಟಿದ್ದೆ ಎಂದು ಬಾಯಿ ಬಡಿದುಕೊಂಡರೂ ಪೊಲೀಸರು ನಂಬಲಿಲ್ಲ. ಮಿದುಳಿನ ಚಿತ್ರ ತೆಗೆದು, ಹೇಳಿದ್ದು ಸುಳ್ಳೋ ನಿಜವೋ ನೋಡುತ್ತಾರಂತೆ. ಚಿತ್ರ ಓದುವವರು ಬೇರೆ. ಯಂತ್ರ ನಡೆಸುತ್ತಿದ್ದವನು ಅಣ್ಣ. ನಿನ್ನೆ ಸಂಜೆ ಕೆಲಸ ಮುಗಿಸಿ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಹಜಾರದಲ್ಲಿ ಗುರುತಿಲ್ಲದ ಜನ ನೆರೆದಿದ್ದರು. ಒಬ್ಬಾಕೆ ಅಣ್ಣನ ಮುಖ ನೋಡಿ ಬಿಕ್ಕಿದಳು. "ಇವರೇನಾ? ಅವತ್ತು ಬರೀ ದನಿ ಕೇಳಿದ್ದೆ ಕಣಮ್ಮ. ಆ ಯಂತ್ರದೊಳಗೆ ಮಲಗಿದ್ದಾಗ, ಕಿವೀಲಿ."

"ಏನಂದ್ರು?" ಅತ್ತಿಗೆ ಕೇಳಿದಳು.

"ನಿಮ್ಮನೆ ಬೆಕ್ಕು ಹಾಲು ಕದಿಯುತ್ತಾ ಅಂತ!"

ಅತ್ತಿಗೆ ಅಳುತ್ತಲೇ ನಕ್ಕಳು. "ಮನೇಲಿ ಬಾಯೇ ಬಿಡ್ತಿರಲಿಲ್ಲ, ಪುಣ್ಯಾತ್ಮ. ಮಾತೆಲ್ಲ ಅಲ್ಲೇ ಖರ್ಚು ಮಾಡಿ ಬರ್ತಿದ್ರು."

*

ಹಿಂದೊಮ್ಮೆ, ರಜಾದಿನ, ಯಂತ್ರ ಸರಿಯಿದೆಯೇ ನೋಡಲು ಅಣ್ಣ ತಮ್ಮನನ್ನೇ ಮಲಗಿಸಿದ್ದ.

"ಬೆಳಿಗ್ಗೆ ತಿಂಡಿ ತಿಂದ್ಯಾ?"

ತಿಂದಿದ್ದ. ಹೂಂ ಎಂದ. ಹೊರಬಂದು ನೋಡಿದರೆ ಪರದೆಯ ತುಂಬ ಕೆಂಡದಂಥ ಚುಕ್ಕೆಗಳು.

"ನೋಡೋ ಪುಕ್ಕಲ, ತಿಂಡಿ ತಿಂದಿದ್ದೂ ಸುಳ್ಳಂತೆ! ಹೆದರಿದೋನೂ ಒಂದೇ, ಸುಳ್ಳು ಹೇಳೋನೂ ಒಂದೇ ಇದಕ್ಕೆ." ನಗುತ್ತಿದ್ದ ಅಣ್ಣ ಗಂಭೀರನಾದ. "ಅದಕ್ಕೇ ಭಯ ಇಳಿಯೋವರೆಗೂ ಮಾತಾಡಿಸ್ತೀನಿ. ಆಮೇಲೇ ಪ್ರಶ್ನೆ. ತೊಟ್ಟಿಲು ತೂಗೋನು ಅಂತ ಆಡ್ಕೋತಾರೆ. ಆಡ್ಕೊಳ್ಳಲಿ."

*

ಸ್ಮಶಾನದಲ್ಲಿ ಅಣ್ಣನ ಜಾಗಕ್ಕೆ ಬರಲಿದ್ದ ಸಹೋದ್ಯೋಗಿ ಪಕ್ಕದಲ್ಲೇ ನಿಂತಿದ್ದ. ತಮ್ಮ ಕೇಳಿದ: "ಸಾರ್, ನಾಳೆ... ಪ್ರಶ್ನೆಗೆ ಮುಂಚೆ ಸ್ವಲ್ಪ ಮಾತಾಡಿಸ್ತೀರಾ?"

"ಅದೆಲ್ಲ ಇನ್ಮೇಲೆ ಇಲ್ಲಪ್ಪ. ಪ್ರಶ್ನೆ ರೆಕಾರ್ಡ್ ಮಾಡಿಟ್ಟಿದೀವಿ. ಮಲಗಿದ ತಕ್ಷಣ ಶುರು." ಆತ ದನಿ ತಗ್ಗಿಸಿದ. "ನೀವೇನೂ ಮಾಡಿಲ್ಲ ಅಂದ್ಮೇಲೆ ಭಯ ಯಾಕೆ?"

"ಭಯ ನಂಗೆ ಹುಟ್ಟಿದಾಗಿಂದ ಇದೆ ಸಾರ್."



"ಮಣ್ಣು ಹಾಕಪ್ಪ," ಎಂದರು ಯಾರೋ. ತಮ್ಮ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡ. ಕೈ ಗಡಗಡ ನಡುಗಿತು. ಅಣ್ಣನನ್ನು ಮುಟ್ಟುವ ಮೊದಲೇ ಮಣ್ಣು ಬೆರಳ ಸಂದಿಯಿಂದ ಅವನದೇ ಪಾದದ ಮೇಲೆ ಉದುರತೊಡಗಿತು. ತಲೆಯೆತ್ತಿದ. ಎಲ್ಲರೂ ಕುಳಿಯೊಳಗೆ ನೋಡುತ್ತಿದ್ದರು. ಆ ಸಹೋದ್ಯೋಗಿ ಮಾತ್ರ ಅವನ ಕೈಯನ್ನೇ ನೋಡುತ್ತಿದ್ದ.