ಉಳ್ಳಾಗಡ್ಡಿಯ ಮೊದಲ ಪ್ರತಿ

ಅಮ್ಮಿಯ ದನಿಯನ್ನು ಕಳೆದುಹಾಕಿದವಳು ನಾನೇ. ಬೇರೆಯವರನ್ನು ಬೈಯುವ ಮೊದಲು ಇಷ್ಟನ್ನು ಹೇಳಿಬಿಡುತ್ತೇನೆ.

ನಮ್ಮ ಅಮ್ಮಿ ಅಮೀರುನ್ನೀಸಾ ಇಂಡಿ ಕಡೆಯವಳು. ಇಪ್ಪತ್ತು ವರ್ಷ ಬೈಕುಲ್ಲಾದ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಮಾರಿದಳು. ಮನೆಯಲ್ಲಿ ದಖನಿ ಉರ್ದು, ಊರವರು ಸಿಕ್ಕರೆ ಕನ್ನಡ, ಗಿರಾಕಿಗೆ ಮರಾಠಿ. ನಾನು ಘಾಟ್ಕೋಪರಿನ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತ, ಬಿಡುವಿನಲ್ಲಿ ಒಂದು ಓಪನ್ ಸೋರ್ಸ್ ಯೋಜನೆಗೆ ಸೇರಿದ್ದೆ. ಕನ್ನಡ ಪದ ಒತ್ತಿದರೆ ಅದನ್ನು ಉಚ್ಚರಿಸುವ ನಿಘಂಟು ಅದು. ದನಿ ಯಾರು ಬೇಕಾದರೂ ಕಳಿಸಬಹುದು. ಸೇರಿಸುವ, ತೆಗೆಯುವ ಹಕ್ಕು ಮಾತ್ರ ಅನಿಲಕುಮಾರ ಎಂಬೊಬ್ಬರದು.

ಅಮ್ಮಿಯಿಂದ ನಲವತ್ತು ಪದ ಹೇಳಿಸಿದೆ. ಆ ನೆಪದಲ್ಲಾದರೂ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿದೆವು. ಪಟ್ಟಿಯಲ್ಲಿ ಈರುಳ್ಳಿ ಎಂದಿತ್ತು. ಅವಳ ಬಾಯಲ್ಲಿ ಬಂದದ್ದು ಉಳ್ಳಾಗಡ್ಡಿ. ಅವಸರದಲ್ಲಿ ಹಿಂದುಮುಂದಿನ ಮಾತು ಕತ್ತರಿಸದೆ ಹಾಗೆಯೇ ಕಳಿಸಿದೆ, ಅನಿಲಕುಮಾರರು ಕಿವಿಗೊಟ್ಟು ಕೇಳದೆ ಸೇರಿಸಿದರು. ಮಾರನೇ ದಿನ "ಪದ ತಪ್ಪಾಗಿದೆ, ಬದಲಿಸಿ" ಎಂದು ಬರೆದರು. ಅಮ್ಮಿಯಿಂದ ಮತ್ತೆ ಮತ್ತೆ ಹೇಳಿಸಿ, ಹಳೆಯದರ ಜಾಗಕ್ಕೆ ಹೊಸದನ್ನು ಕಳಿಸುತ್ತ ಹೋದೆ. ಹನ್ನೊಂದನೆಯ ಸಲ ಅಮ್ಮಿ ಈರುಳ್ಳಿ ಎಂದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವಿನ ಹಾಗೆ.

ಫೋನ್ ತುಂಬಿತ್ತೆಂದು ನನ್ನ ಬಳಿಯಿದ್ದ ದನಿಗಳನ್ನೆಲ್ಲ ಅಳಿಸಿದೆ. ನಿಘಂಟಿನ ಕಡತಗಳನ್ನು ಕಾಯುವ ಗಿಟ್ ಎಂಬ ತಂತ್ರಾಂಶ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುತ್ತದೆ, ಏನನ್ನೂ ಮರೆಯುವುದಿಲ್ಲ ಎಂದು ನಾಲ್ಕು ಜನಕ್ಕೆ ಪಾಠ ಹೇಳಿದವಳಲ್ಲವೇ ನಾನು!

ಹೋದ ರಮಜಾನಿಗೆ ಮೊದಲು ಅಮ್ಮಿ ತೀರಿಕೊಂಡಳು. ಈದ್ ಹಬ್ಬದ ದಿನ ಅವಳ ಆ ಉಳ್ಳಾಗಡ್ಡಿ ಕೇಳಬೇಕೆನಿಸಿ ತೆರೆದರೆ ಮೊದಲಿನ ಹತ್ತು ಪ್ರತಿಗಳೂ ಇಲ್ಲ. ಅಕ್ಷರವಾದರೆ ಗಿಟ್ ಹಗುರವಾಗಿ ಮಡಚಿಡುತ್ತದೆ. ದನಿಯಾದರೆ ಪ್ರತಿ ಸಲವೂ ಪೂರ್ತಿ ಭಾರ. ಆ ಭಾರ ಇಳಿಸಲು ಅನಿಲಕುಮಾರರು ಹಳೆಯದನ್ನೆಲ್ಲ ಕತ್ತರಿಸಿ, ಕೊನೆಯ ಪ್ರತಿಯೊಂದನ್ನೇ ಉಳಿಸಿದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ನನ್ನ ಹತ್ತಿರವೂ ಇಲ್ಲಮ್ಮ," ಎಂದರು ಅವರು ಫೋನಿನಲ್ಲಿ. "ಯಾರಾದರೂ ಮೊದಲೇ ಇಡೀ ನಿಘಂಟನ್ನು ಇಳಿಸಿಕೊಂಡು, ಆಮೇಲೆ ಹೊಸದನ್ನು ತರಿಸಿಕೊಳ್ಳದೆ ಹಾಗೇ ಬಿಟ್ಟಿದ್ದರೆ ಅವರಲ್ಲಿ ಇರಬಹುದು."

ದನಿ ಕಳಿಸಿದ್ದ ಎಲ್ಲರಿಗೂ ಬರೆದೆ. ಉತ್ತರ ಬಂದದ್ದು ಒಬ್ಬರದೇ, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ನಡೆಸುವ ಗದಿಗೆಪ್ಪನವರದು. ಅಂಧೇರಿವರೆಗೆ ಮೆಟ್ರೋ, ಅಲ್ಲಿಂದ ಲೋಕಲ್. ದಾರಿಯುದ್ದಕ್ಕೂ ಅದು ಅವರಲ್ಲಿ ಇರಲಿ, ಇರಲಿ ಎಂದುಕೊಳ್ಳುತ್ತಲೇ ಹೋದೆ.

"ನಮ್ಮ ಕಡೀ ಎಂಬತ್ತು ಪದ ಕಳಿಸಿದ್ನಿರಿ, ಒಂದೂ ಒಳಗ ತಗೊಳ್ಳಿಲ್ಲ," ಎಂದರು ಗದಿಗೆಪ್ಪ. "ದೇವರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ. ಸಿಟ್ಟು ಬಂತು, ಹೊಸಾದು ಇಳಿಸೂದ ಬಿಟ್ಟೆ."

ಅವರ ಆ ಸಿಟ್ಟಿಗೆ ನನ್ನ ಸಾವಿರ ಸಲಾಂ. ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಕಿ, ಮೊದಲ ಪ್ರತಿಯನ್ನು ಒತ್ತಿದರು.

"ಉಳ್ಳಾಗಡ್ಡಿ," ಎಂದಳು ಅಮ್ಮಿ. ನಕ್ಕಳು. "ಏ ಸೈಮಾ, ಮಾರಾಕಿ ನಾನು. ಅದರ ಹೆಸರು ನನಗ ಕಲಸ್ತಿ?"

ಆ ನಗು ಮುಗಿಯುವ ಮೊದಲೇ ಇನ್ನೊಂದು ದನಿ ಬಂತು, ಅವಸರದ್ದು, ಬಿಗಿಯಾದದ್ದು. ಅದು ನನ್ನದು.

"ತಪ್ಪಾತು ಅಮ್ಮಿ. ಮತ್ತೊಮ್ಮಿ ಹೇಳು."

ಅಲ್ಲಿಗೆ ನಿಂತಿತು. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ.

"ಮತ್ತೊಮ್ಮಿ ಹೇಳು," ಎಂದೆ.

ತಮಗೇ ಹೇಳಿದೆನೆಂದುಕೊಂಡು ಗದಿಗೆಪ್ಪ ಮತ್ತೆ ಒತ್ತಿದರು.