ಹೊಸ ಗವಸಿನ ಹಾಸಿಗೆ

ಮೂಗು ಮುಚ್ಚಿಕೊಂಡರೂ ವಾಸನೆ ಬಾಯಿಂದ ಒಳಗಿಳಿಯುತ್ತದೆ, ಬೆವರು, ಔಷಧಿ, ಒಣಗಿದ ಉಚ್ಚೆ, ಆಸ್ಪತ್ರೆಯವರು ಎಸೆದ ಹಾಸಿಗೆಯ ಹತ್ತಿ ಇದು, ಮೆಷಿನ್ನಿಗೆ ಹಾಕಿ ಬಿಡಿಸಿದರೆ ಎಷ್ಟು ಬೆಳ್ಳಗೆ ಉಬ್ಬುತ್ತದೆ, ಥೂ, ಅದಕ್ಕೆ ಹೂವಿನ ಗವಸು ಹಾಕಿ ಹೊಲಿಯುವವಳು ನಾನು, ಹನ್ನೊಂದು ವರ್ಷದಿಂದ ಇದೇ ದಬ್ಬಳ, ಮೊದಲೆಲ್ಲ ಹೊಸ ಹತ್ತಿಯೇ ಬರುತ್ತಿತ್ತು — ಹೊಲಿದ ಹಾಸಿಗೆಯ ಮೂಲೆಗೊಂದು ಚೀಟಿ, ಅದರ ಮೇಲೆ ಇಂಗ್ಲಿಷಿನಲ್ಲಿ ‘ಹಿಟ್ ದ ಸ್ಯಾಕ್’, ಏನಿದು ಎಂದು ಒಮ್ಮೆ ಯಜಮಾನನನ್ನು ಕೇಳಿದ್ದೆ, ಹೋಗಿ ಮಲಗು ಅಂತ ಅರ್ಥ, ಸ್ಯಾಕ್ ಅಂದ್ರೆ ಚೀಲ, ಹಿಂದೆ ಆ ಜನ ಚೀಲಕ್ಕೆ ಒಣಹುಲ್ಲು ತುಂಬಿ ಅದರ ಮೇಲೇ ಬಿದ್ಕೊಳ್ತಿದ್ರಂತೆ, ಅಲ್ಲಿಂದ ಬಂದ ಮಾತು. ಹುಲ್ಲೇ ವಾಸಿ, ಸತ್ತವರ ಮೈ ಮುಟ್ಟಿ ಬಂದದ್ದಲ್ಲವಲ್ಲ, ಇಲ್ಲಿ ಬೆಳಿಗ್ಗೆ ನನ್ನ ಬೆರಳಿಗೆ ಸುತ್ತಿಕೊಂಡದ್ದು ಯಾವುದೋ ಮುದುಕಿಯ ನರೆಗೂದಲು, ಎಳೆದಷ್ಟೂ ಬಂತು, ಅದನ್ನೇ ಹಿಡಿದು ಯಜಮಾನನ ಮುಂದೆ ನಿಂತೆ, ಇದನ್ನು ಹೊಸದೆಂದು ಮಾರುವುದು ಬೇಡ ಎಂದೆ, ಅವನು ಹಲ್ಲಿಗೆ ಕಡ್ಡಿ ಹಾಕುತ್ತ ನಕ್ಕ, ಸ್ಯಾಕಿಗೆ ಇನ್ನೊಂದು ಅರ್ಥಾನೂ ಇದೆ, ಕೆಲಸದಿಂದ ತೆಗೆದುಹಾಕೋದು, ಹಿಂದೆ ಕೆಲಸದವನ ಸಾಮಾನೆಲ್ಲ ಅವನ ಚೀಲಕ್ಕೇ ತುಂಬಿ ಕೈಗೆ ಕೊಟ್ಟು ಕಳಿಸ್ತಿದ್ರಂತೆ, ನಿನ್ನ ಚೀಲ ಎಲ್ಲಿದೆ? ಮನೆಯಲ್ಲಿ ಗಂಡ ನೆಲ ಹಿಡಿದು ಎರಡು ವರ್ಷ, ದುಡಿಯುವ ಕೈ ಇದೊಂದೇ, ಹೋಗಿ ಕೂತು ಹೊಲಿದೆ, ಕೂದಲ ಸಮೇತ ಹೊಲಿದೆ.

ಮಧ್ಯಾಹ್ನ ಅವಳು ಬಂದಳು, ನನ್ನ ತಂಗಿಯ ವಯಸ್ಸು, ತುಂಬಿದ ಬಸುರಿ, ಜೊತೆಗೆ ಅವಳಮ್ಮ, ಬಾಣಂತಿಗೂ ಕೂಸಿಗೂ ಎಂದು ಆರಿಸಿದ್ದು ಅದೇ ಹಾಸಿಗೆ, ಹೊಲಿದವಳೇ ಹೇಳಲಿ ಬಿಡಿ ಎಂದು ಯಜಮಾನ ನನ್ನನ್ನೇ ಕರೆದ, ಅವಳಮ್ಮ ನನ್ನ ಮುಖ ನೋಡಿ ಕೇಳಿದಳು, ಹೊಸ ಹತ್ತೀನೇ ಅಲ್ವೇನಮ್ಮಾ? ಅಲ್ಲ ಎನ್ನುವುದಕ್ಕೆ ಎಷ್ಟು ಹೊತ್ತು, ಎರಡೇ ಅಕ್ಷರ, ಹೂಂ ಎಂದೆ, ನನ್ನದೇ ದನಿ, ಥೂ ನನ್ನ ಬಾಳಿಗೆ, ಅವನ ಮುಖಕ್ಕೆ ಉಗಿಯಬೇಕಾದ್ದನ್ನು ನಾನೇ ನುಂಗಿದೆ, ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದೆ, ನಾಲಿಗೆಯನ್ನು ಯಾವ ಸೋಪಿನಿಂದ ತೊಳೆಯಲಿ, ಹಾಸಿಗೆ ಹೊತ್ತ ಗಾಡಿ ತಿರುವಿನಲ್ಲಿ ನಿಂತಿತ್ತು, ಓಡಿದ್ದರೆ ಸಿಗುತ್ತಿತ್ತು, ಓಡಲಿಲ್ಲ, ಹೊರಡುವ ಮುಂಚೆ ಅವಳು ಬಗ್ಗಲಾರದೆ ಬಗ್ಗಿ ಹಾಸಿಗೆಗೆ ಕೆನ್ನೆ ಒತ್ತಿದಳು, ಎಷ್ಟು ಮೆತ್ತಗಿದೆ ಅಕ್ಕಾ — ಕಣ್ಣು ಮುಚ್ಚಿದರೆ ಆ ಕೆನ್ನೆ, ದಬ್ಬಳಕ್ಕೆ ದಾರ ಪೋಣಿಸಹೋದರೆ ಆ ಕೆನ್ನೆ, ಗವಸಿನ ಹೂವುಗಳಲ್ಲಿ ಅದುಮಿಕೊಂಡ, ನಗುತ್ತಿರುವ, ಆ ಕೆನ್ನೆ