ಪಾರವ್ವ ಎತ್ತಿದ ಲಕೋಟೆ

ಶೇಂಗಾ ಹುರಿಯುವ ವಾಸನೆ, ಎದುರಿನ ಉದ್ದವ್ವನ ಮನೆಯದೇ ಇರಬೇಕು, ಕಾಲು ವಾಸಿಯಾದಾಗಿನಿಂದ ಆಕೆ ಒಂದು ಕಡೆ ಕೂಡುವುದೇ ಇಲ್ಲವಂತೆ, ಇರಲಿ, ಇಲ್ಲಿ ನೋಡು, ಇಲ್ಲಿ — ಡಾಕ್ಟರರ ಸಂಶೋಧನೆಗೆ ಊರೂರು ತಿರುಗಿ ಅಳತೆ ಬರೆಯುವ ದೀಪಾಲಿ ಪಾರವ್ವನ ಕಾಲಿನ ಹುಣ್ಣಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಇಟ್ಟು ಹಸಿರು ಪೆನ್ನಿನಿಂದ ಅಂಚು ಗೀರುತ್ತಾಳೆ, ಹನ್ನೆರಡನೆಯ ವಾರ, ಕೊನೆಯ ಅಳತೆ, ಫಾರ್ಮಿನ ಮೂಲೆಯಲ್ಲಿ ನವೆಂಬರ್ 2006, ಮೊದಲ ವಾರ ಎಂಟಾಣೆಯಷ್ಟಿದ್ದದ್ದು ಈಗ ಸಣ್ಣ ವೀಳ್ಯದೆಲೆಯಷ್ಟು, ಗೆರೆ ಒರೆಸಿ ಮತ್ತೆ ಗೀರುತ್ತಾಳೆ, ಸಾವಕಾಶ ಮಾಡ್ರಿ ಅಕ್ಕಾರ, ನನಗೇನ ಭಾಳ ತ್ರಾಸ ಆಗಂಗಿಲ್ಲ ಎನ್ನುತ್ತಾಳೆ ಪಾರವ್ವ, ಸಮಾಧಾನ ಹೇಳಬೇಕಾದವಳು ಯಾರು, ಹೇಳುತ್ತಿರುವವಳು ಯಾರು. ಇಪ್ಪತ್ತು ವರ್ಷ ದಿನಾ ನಾಗನೂರಿನಿಂದ ಗೋಕಾಕಕ್ಕೆ ಹೋಗಿ ಕರದಂಟಿನ ಒಲೆಯ ಮುಂದೆ ನಿಂತು ಬೆಲ್ಲದ ಪಾಕ ತಿರುವಿದ ಕಾಲು, ನಿಂತು ನಿಂತು ನರ ಉಬ್ಬಿ, ನೆತ್ತರು ಕೆಳಗೇ ತಂಗಿ, ಪಾದದ ಗಂಟಿನ ಮೇಲೆ ಒಡೆದ ಹುಣ್ಣು. ಮೀನಖಂಡ ಹಿಂಡಿದರೆ ನೆತ್ತರು ಮೇಲೇರುತ್ತದೆ ಎಂದು ಗೊಮ್ಮಟೇಶ ಡಾಕ್ಟರರು ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದ್ದರು, ಹುಕ್ಕೇರಿ, ಮೂಡಲಗಿ, ಗೋಕಾಕ ಸೇರಿ ಇಂಥ ಹುಣ್ಣಿನವರು ಅರವತ್ತು ಮಂದಿ, ಎಲ್ಲರಿಗೂ ಬಿಗಿ ಪಟ್ಟಿ, ಅರ್ಧ ಮಂದಿಗೆ ಮಾತ್ರ ಅದರ ಜೊತೆ ವ್ಯಾಯಾಮದ ಸಿಡಿ, ಟಿವಿಗೆ ಹಾಕಿದರೆ ಬರೀ ಎರಡು ಪಾದ, ಹಿಮ್ಮಡಿ ಎತ್ತು, ಇಳಿಸು, ಹಿಂದೆ ಹಾರ್ಮೋನಿಯಂ. ಯಾರಿಗೆ ಸಿಡಿ ಎಂಬುದನ್ನು ಡಾಕ್ಟರರೂ ಆರಿಸುವಂತಿಲ್ಲ, ಮುಚ್ಚಿದ ಲಕೋಟೆಯೇ ಆರಿಸಬೇಕು, ಆಗಲೇ ಸಂಶೋಧನೆ ಖರೆ ಎಂದು ಡಾಕ್ಟರರು ಹೇಳಿದ್ದರು.

ಪಾರವ್ವ ಲಕೋಟೆ ಮುಟ್ಟುವ ಮೊದಲು, ತಡೀರಿ, ಜಳಕಾ ಮಾಡಿ ಬರತೇನಿ ಎಂದಳು, ಬಂದಾಗ ಹಣೆ ತುಂಬ ವಿಭೂತಿ, ಎತ್ತಿದ್ದನ್ನು ಕಣ್ಣಿಗೊತ್ತಿಕೊಂಡಳು, ಈ ಓಣಿಯವರು ಬೋರು ಎಲ್ಲಿ ಹೊಡೆಸಬೇಕು, ಹುಡುಗಿಯನ್ನು ಯಾವ ಮನೆಗೆ ಕೊಡಬೇಕು ಎಂಬುದಕ್ಕೂ ಬಸವಣ್ಣನ ಗುಡಿಯಲ್ಲಿ ಚೀಟಿ ಎತ್ತುವವರು, ಚೀಟಿಯಲ್ಲಿ ಬಂದದ್ದು ಅಪ್ಪಣೆ, ಅದರ ಮೇಲೆ ಇನ್ನೊಂದು ಮಾತಿಲ್ಲ. ದೀಪಾಲಿ ನಕ್ಕಿದ್ದಳು, ಮನೆಗೆ ಹೋಗಿ ಅವ್ವ ಜಿನ್ನವ್ವನಿಗೂ ಹೇಳಿ ನಗಿಸಿದ್ದಳು. ಲಕೋಟೆಯಲ್ಲಿ ಸಿಡಿ ಬರಲಿಲ್ಲ, ಬರೀ ಪಟ್ಟಿ. ಎರಡನೆಯ ವಾರ ನೋಡಿದರೆ ಪಾರವ್ವ, ಸಿಡಿ ಬಂದಿದ್ದ ಉದ್ದವ್ವನ ಮನೆಯಲ್ಲಿ ಟಿವಿ ಮುಂದೆ, ಉದ್ದವ್ವನ ಜೊತೆ ಇವಳೂ ಹಿಮ್ಮಡಿ ಎತ್ತುತ್ತಿದ್ದಾಳೆ, ಎಷ್ಟು ಚಂದ ಎತ್ತುತ್ತಿದ್ದಳು, ಎರಡೂ ಗುಂಪು ಕಲಸಿಹೋದವು, ಕೆಲಸ ಕೆಟ್ಟಿತು, ನಿನ್ನ ಫಾರ್ಮಿನೊಳಗ ಒಂದೂ ತಪ್ಪಿಲ್ಲ ನೋಡವಾ ಎಂದು ಮೊನ್ನೆ ತಾನೇ ಎಲ್ಲರೆದುರು ಹೊಗಳಿದ್ದರು ಡಾಕ್ಟರರು. ಪಾರಕ್ಕ, ನಿಮ್ಮ ಲಕೋಟ್ಯಾಗ ವ್ಯಾಯಾಮ ಬಂದಿಲ್ಲ, ನೀವು ಕಾಲ ಆಡಸಬಾರದು. ಡಾಕ್ಟರರು ಹಾಗೆ ಹೇಳಿರಲಿಲ್ಲ, ಸಿಡಿ ಕೊಡಬ್ಯಾಡ, ದಿನದ ಓಡಾಟ ಇದ್ದಂಗ ಇರಲಿ ಅನ್ನು, ಅಷ್ಟೇ ಅವರ ಮಾತು, ಆಡಿಸಬಾರದು ಎಂಬುದು ದೀಪಾಲಿಯದು, ಹೆದರಿಕೆಯಲ್ಲಿ ಬಾಯಿಂದ ಜಾರಿದ್ದು. ಹೌದೇನ್ರಿ, ತಪ್ಪಾತು ಎಂದು ಪಾರವ್ವ ಗಲ್ಲ ಬಡಿದುಕೊಂಡು ಎದ್ದು ಹೋದಳು, ಮರುದಿನದಿಂದ ಕರದಂಟಿನ ಕೆಲಸ ಬಿಟ್ಟಳು, ಹಿತ್ತಲಿಗೆ ಬಿಟ್ಟರೆ ಎಲ್ಲಿಗೂ ನಡೆಯಲಿಲ್ಲ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಳು.

ಅದು ಗೊತ್ತಾದದ್ದು ಮುಂದಿನ ಅಳತೆಗೆ ಬಂದ ಆರನೆಯ ವಾರ, ಗೊತ್ತಾಗಲಿಲ್ಲ ಎಂದು ಈಗ ಯಾರೆದುರು ಸುಳ್ಳು ಹೇಳುವುದು, ದಿನಕ್ಕ ಎಷ್ಟ ನಡೀತೀರಿ ಎಂದು ಕೇಳಿದರೆ ಪಾರವ್ವ ಇಲ್ಲ ಎಂದಳು, ದೀಪಾಲಿ ಇಲ್ಲ ಎಂದು ಬರೆದುಕೊಂಡಳು, ಅಕ್ಷರ ದುಂಡಗೆ ಬಂದಿದೆ. ಅಷ್ಟರಲ್ಲಿ ಎದುರು ಮನೆಯಲ್ಲಿ ಆ ಹಾರ್ಮೋನಿಯಂ ಶುರುವಾಯಿತು, ಪಾರವ್ವನ ಬಲಗಾಲು ತಾನಾಗಿ ಮಿಡುಕಿತು, ಅವಳು ಎಡಗಾಲು ಎತ್ತಿ ಅದರ ಮೇಲಿಟ್ಟು ಒತ್ತಿ ಹಿಡಿದಳು, ಕೇಳಂಗಿಲ್ರಿ ಇದು, ಹಾಡ ಬಂದ್ರ ಕುಣೀತೈತಿ ಎಂದು ನಕ್ಕಳು. ಆಗಲಾದರೂ ಹೇಳಬಹುದಿತ್ತು, ನಡೀರಿ ಪಾರಕ್ಕ, ಕೆಲಸಕ್ಕ ಹೋಗ್ರಿ, ನಾನ ತಪ್ಪ ಹೇಳೇನಿ, ನಾಲ್ಕು ಮಾತು, ಆದರೆ ಹೇಳಿದರೆ ಡಾಕ್ಟರರಿಗೂ ಹೇಳಬೇಕು, ಪಾರವ್ವನ ಹೆಸರು ಹೊಡೆದುಹಾಕುತ್ತಾರೆ, ಅರವತ್ತು ಐವತ್ತೊಂಬತ್ತಾಗುತ್ತದೆ, ದೀಪಾಲಿ ಹೊಸ ಪಟ್ಟಿ ಸುತ್ತಿ ಬಸ್ಸು ಹಿಡಿದಳು. ಎರಡು ಗುಂಪಿನ ನಡುವೆ ಎಷ್ಟು ಅಂತರ ಎಂದು ಡಾಕ್ಟರರು ಬರೆಯುತ್ತಾರೆ, ಆ ಅಂತರದಲ್ಲಿ ಈ ಕಾಲೂ ಇದೆ, ತನ್ನ ಬಾಯಿಯೂ ಇದೆ, ಅದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ.

ಗೀರುವುದು ಮುಗಿಯಿತು. ದೀಪಾಲಿ ಚೀಲದಿಂದ ಸಿಡಿ ತೆಗೆಯುತ್ತಾಳೆ, ಇವತ್ತಿಂದ ಎಲ್ಲಾರಿಗೂ ಕೊಡಾಕತ್ತೇವಿ ಪಾರಕ್ಕ, ನೀವೂ ಮಾಡ್ರಿ, ಪಾರವ್ವನ ಮುಖ ಅರಳುತ್ತದೆ, ಅಪ್ಪಣಿ ಆತೇನ್ರಿ, ಹಂಗಾರ ಈಗ ನೋಡ್ರಿ ಎಂದು ಎರಡೂ ಕೈ ಕಟ್ಟೆಗೆ ಊರಿ ಹಲ್ಲು ಕಚ್ಚುತ್ತಾಳೆ, ಮೊಣಕಾಲು ಎದ್ದಿತು, ತೊಡೆ ನಡುಗಿತು, ಪಾದ ಮಾತ್ರ ಇದ್ದಂತೆಯೇ ಇದೆ, ಇನ್ನೊಮ್ಮೆ, ಇಲ್ಲ, ದೀಪಾಲಿ ಹಿಮ್ಮಡಿ ಹಿಡಿದು ಮೆಲ್ಲಗೆ ಮಡಚಲು ನೋಡುತ್ತಾಳೆ, ಗಂಟು ಜಗ್ಗುವುದಿಲ್ಲ, ಒಂದ ದಿನಾನೂ ತಪ್ಪಿಸಿಲ್ರಿ ಅಕ್ಕಾರ, ಆಣಿ ಮಾಡಿ ಹೇಳತೇನಿ, ಒಂದ ದಿನಾನೂ ಆಡಿಸಿಲ್ಲ. ಅಯ್ಯೋ, ಪಾರಕ್ಕ, ಅದು ದೇವರ ಅಪ್ಪಣಿ ಅಲ್ಲ, ನಾನ ಹೇಳಿದ್ದ ತಪ್ಪರಿ, ನಂದ ತಪ್ಪರಿ — ಬಂತು, ಕೊನೆಗೂ ಬಾಯಿಗೆ ಬಂತು, ಆರು ವಾರ ತಡವಾಗಿ ಬಂತು, ಪಾರವ್ವ ದೀಪಾಲಿಯ ತಲೆ ನೇವರಿಸುತ್ತಾಳೆ, ನೀವೇನ ಮಾಡತೀರವಾ, ಲಕೋಟಿ ಎತ್ತಿದ ಕೈ ನಂದಲ್ಲೇನು. ಎದುರಿಗೆ ಯಾರೋ ಟಿವಿ ಹಚ್ಚಿದರು, ಹಾರ್ಮೋನಿಯಂ, ಬಲಗಾಲು ಮಿಡುಕುವುದಿಲ್ಲ, ಆದರೂ ರೂಢಿಯಿಂದ ಎಡಗಾಲು ಏಳುತ್ತದೆ, ಬಂದು ಅದರ ಮೇಲೆ ಕೂಡುತ್ತದೆ, ಒತ್ತುತ್ತದೆ, ಎಡಗಾಲು ಬಲಗಾಲಿನ ಮೇಲೆ, ಎಡಗಾಲು ಬಲಗಾಲಿನ ಮೇಲೆ